ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಯ ಕೆಲಸ: ಒಪ್ಪಿಕೊಳ್ಳುವ ಮೊದಲು ಏನು ಕೇಳಬೇಕು?

ಕಾಪುವಿನ ಲೆಕ್ಕದವಳು (ಪ್ರಶ್ನೆ)

ಬಿಕಾಂ ಮುಗಿಸಿದಂದಿನಿಂದ, ಸುಮಾರು ಐದು ವರ್ಷಗಳಿಂದ, ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಈಗ ಬೆಂಗಳೂರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಓದು ಕಲಿಸುವ ಒಂದು ಸ್ವಯಂಸೇವಾ ಸಂಸ್ಥೆಯಿಂದ ಲೆಕ್ಕಪತ್ರ ವಿಭಾಗಕ್ಕೆ ಕರೆ ಬಂದಿದೆ. ಇಲ್ಲಿ ಕೈಗೆ ಬರುವುದು 22,000 ರೂಪಾಯಿ. ಅಲ್ಲಿ 38,000 ಎಂದಿದ್ದಾರೆ. ಆದರೆ ಅವರು ಕಳುಹಿಸಿದ ಪತ್ರದಲ್ಲಿ ನನ್ನನ್ನು ‘ಕನ್ಸಲ್ಟೆಂಟ್’ ಎಂದು ಕರೆದಿದ್ದು, ಅವಧಿ ಹನ್ನೊಂದು ತಿಂಗಳು, ಮುಂದಿನದು ‘ಯೋಜನೆಯ ಅನುದಾನಕ್ಕೆ ಒಳಪಟ್ಟು’ ಎಂದು ಬರೆದಿದ್ದಾರೆ. ಅಪ್ಪನಿಗೆ ಈ ಮಾತು ಹಿಡಿಸಿಲ್ಲ. ಸೇವೆಯ ಸಂಸ್ಥೆಯವರಲ್ಲಿ ಸಂಬಳದ ವಿಚಾರ ಕೆದಕುವುದು ಸರಿಯಲ್ಲವೆಂದು ಅಮ್ಮ ಹೇಳುತ್ತಾರೆ. ನನಗೆ ಆ ಕೆಲಸದ ಮೇಲೆ ಮನಸ್ಸಿದೆ. ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಹಳೆಯ ಫೀಲ್ಡ್‌ನವರು, ಮಂಗಳೂರು

ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯ ಓದಿ, ಬೆಂಗಳೂರಿನಲ್ಲಿ ಒಂಬತ್ತು ವರ್ಷ ಇಂಥ ಸಂಸ್ಥೆಗಳಲ್ಲಿ ದುಡಿದು ಊರಿಗೆ ಮರಳಿದವಳು ನಾನು. ನಿಮ್ಮ ಅಮ್ಮನ ಸಂಕೋಚ ನನಗೂ ಇತ್ತು. ಅದರಿಂದ ನಷ್ಟವಾದದ್ದು ನನಗೆ ಮಾತ್ರ. ನಾನಿದ್ದ ಒಂದು ಕಡೆ ಮಾರ್ಚ್ ಕೊನೆಯಲ್ಲಿ ಒಂದು ಕಂಪನಿಯ ಅನುದಾನ ನಿಂತಾಗ, ನನ್ನ ಸಂಬಳ ಪೂರ್ತಿಯಾಗಿ ಆ ಹಣದಿಂದಲೇ ಬರುತ್ತಿತ್ತೆಂಬುದು ಏಪ್ರಿಲ್‌ನಲ್ಲಿ ಸಂಬಳ ಬಾರದಿದ್ದಾಗಲೇ ನನಗೆ ತಿಳಿಯಿತು.

ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ, ನಿಮ್ಮ ಸಂಬಳ ಯಾರ ಹಣದಿಂದ ಬರುತ್ತದೆ ಮತ್ತು ಆ ಹಣ ಯಾವ ತಿಂಗಳವರೆಗೆ ಮಂಜೂರಾಗಿದೆ ಎಂಬುದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಬೆಂಗಳೂರಿನ ಬಹಳಷ್ಟು ಸಂಸ್ಥೆಗಳು ಈ ಹಣವನ್ನೇ ನಂಬಿವೆ, ಮತ್ತು ಹಲವು ಕಂಪನಿಗಳು ಇದನ್ನು ವರ್ಷವರ್ಷವೂ ಹೊಸದಾಗಿ ತೀರ್ಮಾನಿಸುತ್ತವೆ. ಹಣ ವಿದೇಶದ್ದಾದರೆ ಲೆಕ್ಕದವರಾದ ನಿಮಗೆ ಇನ್ನೊಂದು ತೊಡಕಿದೆ. ವಿದೇಶಿ ದೇಣಿಗೆಯಿಂದ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಮಿತಿಯನ್ನು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಊರೂರು ತಿರುಗಿ ಕೆಲಸ ಮಾಡುವವರ ಸಂಬಳ ಈ ಮಿತಿಯೊಳಗೆ ಬರುವುದಿಲ್ಲ, ಕಚೇರಿಯ ಲೆಕ್ಕದವರ ಸಂಬಳ ಬರುತ್ತದೆ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೆ. ಆ ದೇಣಿಗೆ ಮೊದಲು ಜಮೆಯಾಗಬೇಕಾದದ್ದೂ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. (ಮಂಗಳೂರಿನಲ್ಲಿ ಸ್ಟೇಟ್ ಬ್ಯಾಂಕ್ ಎಂದರೆ ಸಿಟಿ ಬಸ್ಸು ನಿಲ್ಲುವ ಜಾಗ, ಮನೆಯಲ್ಲಿ ಈ ನಿಯಮ ಹೇಳಿ ನಗೆಪಾಟಲಾಗಿದ್ದೇನೆ.)

ಕೆಲಸದ ರೀತಿಯೂ ಬೇರೆ. ಒಂದೊಂದು ದಾನಿಗೂ ಪ್ರತ್ಯೇಕ ಲೆಕ್ಕ, ಪ್ರತ್ಯೇಕ ಹಣಬಳಕೆ ಪ್ರಮಾಣಪತ್ರ. ಫೀಲ್ಡ್‌ನಿಂದ ಬರುವ ಆಟೋ ಚೀಟಿ, ಚಹಾದ ಬಿಲ್ಲು ಸರಿಪಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಸಹಕಾರಿ ಸಂಘದಲ್ಲಿ ಲೆಕ್ಕ ಪರಿಶೋಧನೆಗೆ ಕುಳಿತು ಅಭ್ಯಾಸವಾದವರಿಗೆ ಇದು ಕಷ್ಟವಾಗಲಾರದು.

ಆಡಿಟ್, ಕದ್ರಿ

ಮೇಲಿನವರು ಹೇಳದೆ ಬಿಟ್ಟದ್ದು ‘ಕನ್ಸಲ್ಟೆಂಟ್’ ಎಂಬ ಪದ. ಆ ಹೆಸರಿನಲ್ಲಿ ಸೇರಿದರೆ ಭವಿಷ್ಯ ನಿಧಿಗೆ ಸಂಸ್ಥೆಯ ಪಾಲು ಬರುವುದಿಲ್ಲ, ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಗ್ರಾಚ್ಯುಟಿಯೂ ಇಲ್ಲ. ಜೊತೆಗೆ ಸಾಮಾನ್ಯವಾಗಿ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾಗುತ್ತದೆ. ಅಂದರೆ 38,000ದಲ್ಲಿ ತಿಂಗಳಿಗೆ ಕೈಗೆ ಬರುವುದು 34,200. ಉಳಿದದ್ದನ್ನು ರಿಟರ್ನ್ ಸಲ್ಲಿಸಿ ಮರಳಿ ಪಡೆಯಬೇಕು. ಸ್ವಲ್ಪ ಕಡಿಮೆ ಮೊತ್ತಕ್ಕಾದರೂ ಸರಿ, ನೌಕರಳಾಗಿ ನೇಮಿಸಿಕೊಳ್ಳಲು ಕೇಳಿ.

ಇನ್ನೊಂದು ವಿಷಯ. ‘ಸುಮಾರು ಐದು ವರ್ಷ’ ಎಂದಿದ್ದೀರಿ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ರಾಜೀನಾಮೆ ಬರೆಯುವ ಮೊದಲು ಸಂಘಕ್ಕೆ ಸೇರಿದ ದಿನಾಂಕವನ್ನು ತೆಗೆದು ನೋಡಿ.

ಬ್ರಹ್ಮಾವರದಿಂದ

ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನಲ್ಲಿ ಮನೆಯ ಮುಂಗಡವೇ ಹಲವು ತಿಂಗಳ ಬಾಡಿಗೆಯಷ್ಟಾಗುತ್ತದೆ. ಮೊದಲ ವರ್ಷ ಪಿಜಿಯೇ ವಾಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ಬಸ್ಸು ನಿಂತರೆ ವಾರಾಂತ್ಯಕ್ಕೆ ಊರಿಗೆ ಬರುವ ಯೋಚನೆಯನ್ನೂ ಬಿಡಬೇಕಾಗುತ್ತದೆ.

ಕಾಪುವಿನ ಲೆಕ್ಕದವಳು

ಎಲ್ಲರಿಗೂ ಧನ್ಯವಾದಗಳು. ದಿನಾಂಕ ತೆಗೆದು ನೋಡಿದೆ; ಐದು ವರ್ಷ ತುಂಬಲು ಇನ್ನೂ ಏಳು ವಾರ ಬೇಕು. ಸಂಸ್ಥೆಗೆ ಪತ್ರ ಬರೆದು ಕೇಳಿದ್ದಕ್ಕೆ ಅವರು ಬೇಸರಿಸಲಿಲ್ಲ. ಹಣ ಎರಡು ಕಂಪನಿಗಳದ್ದು, ಒಂದರ ಮಂಜೂರಾತಿ ಮುಂದಿನ ಮಾರ್ಚ್‌ವರೆಗೆ, ಇನ್ನೊಂದರದ್ದು ಅದರಾಚೆಗೆ ಎರಡು ವರ್ಷ ಎಂದು ತಿಳಿಸಿದ್ದಾರೆ. ಭವಿಷ್ಯ ನಿಧಿಯೊಂದಿಗೆ ನೌಕರಳಾಗಿ ಸೇರಿಸಿಕೊಳ್ಳಲು ಒಪ್ಪಿದ್ದಾರೆ, ಆದರೆ ಮೊತ್ತ 35,000ಕ್ಕೆ ಇಳಿದಿದೆ. ಎಂಟು ವಾರ ಕಾಯುತ್ತಾರಂತೆ. ಅಪ್ಪ ಆ ಉತ್ತರವನ್ನು ಎರಡು ಸಲ ಓದಿ, ಏನೂ ಹೇಳದೆ ಕನ್ನಡಕ ತೆಗೆದಿಟ್ಟರು. ಕಚೇರಿ ಜಯನಗರದಲ್ಲಿದೆ, ಆ ಕಡೆ ಮೀನಿನ ಊಟ ಸಿಗುವ ಹೆಣ್ಣುಮಕ್ಕಳ ಪಿಜಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆಯಿರಿ.