ಕೀಟನಾಶಕ ಕುಡಿದು ಬಂದವರಲ್ಲಿ ಅಪಾಚೆ ಸ್ಕೋರ್ ನಂಬಬಹುದಾ?

ಪಿಜಿ ಎರಡನೇ ವರ್ಷ
ನಮ್ಮ ಐಸಿಯುಗೆ ಕೀಟನಾಶಕ ಕುಡಿದವರು ಜಾಸ್ತಿ ಬರುತ್ತಾರೆ. ಥೀಸಿಸ್‌ಗೆ ಅಂತ ಇವರಲ್ಲಿ ಅಪಾಚೆ-2 (ಐಸಿಯು ರೋಗಿಯ ಸ್ಥಿತಿಗೆ ಅಂಕ ಕೊಟ್ಟು ಸಾವಿನ ಅಪಾಯ ಅಂದಾಜಿಸುವ ಸ್ಕೋರ್, ಅಂಕ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ) ಹಾಕಿ ನೋಡಿದೆ. ತೀರಿಕೊಂಡವರನ್ನೂ ಉಳಿದವರನ್ನೂ ಸ್ಕೋರ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅಂತ ಹೇಳುವ ಎಯುಸಿ ಚೆನ್ನಾಗಿಯೇ ಬಂತು. ಆದರೆ ಉಳಿಯುವುದು ಕಷ್ಟ ಅಂತ ಸ್ಕೋರ್ ಹೇಳಿದ್ದ ಎಷ್ಟೋ ಜನ ನಡೆದುಕೊಂಡೇ ಮನೆಗೆ ಹೋದರು. ಎಯುಸಿ ಚೆನ್ನಾಗಿದ್ದರೆ ಸಾಕಲ್ವಾ? ನಾನೆಲ್ಲಿ ತಪ್ಪಿದೆ?

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು
ಸಾಕಾಗುವುದಿಲ್ಲ. ಯಾರಿಗೆ ಅಪಾಯ ಜಾಸ್ತಿ, ಯಾರಿಗೆ ಕಡಿಮೆ ಅನ್ನುವ ಸಾಲು ಸರಿಯಿದೆಯಾ ಅಂತಷ್ಟೇ ಎಯುಸಿ ನೋಡುತ್ತದೆ. ಎಲ್ಲರ ಅಪಾಯವನ್ನೂ ಅರ್ಧಕ್ಕೆ ಇಳಿಸಿ ನೋಡಿ, ಎಯುಸಿ ಒಂಚೂರೂ ಬದಲಾಗುವುದಿಲ್ಲ! ನೀವು ನೋಡಬೇಕಾದದ್ದು ಕ್ಯಾಲಿಬ್ರೇಶನ್. ಸಾವಿನ ಅಪಾಯ ಶೇ 40 ಅಂತ ಬಂದ 100 ಜನರಲ್ಲಿ ಸುಮಾರು 40 ಜನ ತೀರಿಕೊಂಡಿದ್ದರೆ ಲೆಕ್ಕ ಸರಿ, 15 ಜನ ಅಂದರೆ ಸ್ಕೋರ್ ಹಿಗ್ಗಿಸಿ ಹೇಳುತ್ತಿದೆ. ಕ್ಯಾಲಿಬ್ರೇಶನ್ ಪರೀಕ್ಷಿಸುವ ಹಾಸ್ಮರ್-ಲೆಮೆಶೋ ಟೆಸ್ಟಿನ ಪಿ ವ್ಯಾಲ್ಯೂ ಒಂದನ್ನೇ ಬರೆದು ಕೈತೊಳೆದುಕೊಳ್ಳಬೇಡಿ. ರೋಗಿಗಳು ಕಡಿಮೆ ಇದ್ದರೆ ಅದು ತಪ್ಪನ್ನು ಎಷ್ಟೋ ಸಲ ಹಿಡಿಯುವುದಿಲ್ಲ. ಸ್ಕೋರ್ ಹೇಳಿದ ಅಪಾಯ, ನಿಜವಾಗಿ ಆದ ಸಾವು ಎರಡನ್ನೂ ಹೋಲಿಸುವ ಗ್ರಾಫ್ ಹಾಕಿ.

ಐಸಿಯು ಡಾಕ್ಟರ್
ಮೇಷ್ಟ್ರು ಹೇಳಿದ್ದು ಸರಿ, ಜೊತೆಗೆ ಬೆಡ್ ಹತ್ತಿರ ಏನಾಗುತ್ತದೆ ಅಂತಲೂ ನೋಡಿ. ಅಪಾಚೆ-2 ಬಂದಿದ್ದು 1985ರಲ್ಲಿ, ಅಮೆರಿಕದ 13 ಆಸ್ಪತ್ರೆಗಳ ರೋಗಿಗಳಿಂದ. ಅದರಲ್ಲಿ ಡ್ರಗ್ ಓವರ್‌ಡೋಸ್‌ಗೆ ಜಾಗ ಇದೆ, ಕೀಟನಾಶಕಕ್ಕೆ ಅಂತ ಬೇರೆ ಇಲ್ಲ. ಮೊದಲ 24 ಗಂಟೆಯಲ್ಲಿ ಅತಿ ಕೆಟ್ಟದಾಗಿದ್ದ ರೀಡಿಂಗ್ ತಗೋಬೇಕು. ಆದರೆ ನಾವೇ ವಿಷಕ್ಕೆ ಮದ್ದಾಗಿ ಅಟ್ರೊಪಿನ್ ಕೊಟ್ಟು ನಾಡಿಬಡಿತ 140 ದಾಟಿಸಿರುತ್ತೇವೆ, ಅದಕ್ಕೇ 3 ಅಂಕ. ಉಸಿರಾಟಕ್ಕೆ ಟ್ಯೂಬ್ ಹಾಕಿ, ನಿದ್ದೆ ಔಷಧಿ ಕೊಟ್ಟು ಮಲಗಿಸಿದ ಮೇಲೆ ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಅಂಕ, ಪೂರ್ತಿ ಎಚ್ಚರ ಅಂದರೆ 15, ಅತಿ ಕಡಿಮೆ ಅಂದರೆ 3) 3 ಅಂತ ಬರೆದರೆ ಇನ್ನೂ 12 ಅಂಕ. ರೋಗಕ್ಕಲ್ಲ, ನಮ್ಮ ಚಿಕಿತ್ಸೆಗೇ 15 ಅಂಕ ಬಿತ್ತು ನೋಡಿ. ನೀವು ಯಾವ ಹೊತ್ತಿನ ಜಿಸಿಎಸ್ ಹಾಕಿದ್ದೀರಿ?

ಪಿಜಿ ಎರಡನೇ ವರ್ಷ
ಐಸಿಯು ಚಾರ್ಟಿನಲ್ಲಿ ಇದ್ದದ್ದನ್ನೇ ಹಾಕಿದೆ ಸರ್. ಹೆಚ್ಚಿನವರಿಗೆ ಟ್ಯೂಬ್ ಹಾಕಿದ ಮೇಲಿನದು.

ಐಸಿಯು ಸಿಸ್ಟರ್
ಕ್ಯಾಶುವಾಲ್ಟಿ ಶೀಟ್ ತೆಗೆಸಿ ನೋಡಿ ಡಾಕ್ಟರ್. ಟ್ಯೂಬ್ ಹಾಕುವ ಮೊದಲಿನ ಜಿಸಿಎಸ್ ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತೇವೆ. ಇನ್ನೊಂದು ಮಾತು, ದಯವಿಟ್ಟು ಆ ಶೇಕಡಾ ಲೆಕ್ಕವನ್ನು ಮನೆಯವರಿಗೆ ಹೇಳಬೇಡಿ. ಅದು ಗುಂಪಿನ ಲೆಕ್ಕ, ಅವರ ಮಗನದ್ದಲ್ಲ. ಅದನ್ನು ಕೇಳಿ, ಸಾಲ ಮಾಡುವುದು ಬೇಡ ಅಂತ ರೋಗಿಯನ್ನು ಕರೆದುಕೊಂಡು ಹೋದವರನ್ನು ನಾನು ಕಂಡಿದ್ದೇನೆ.

ಪಿಜಿ ಎರಡನೇ ವರ್ಷ
ನಾಳೆಯೇ ರೆಕಾರ್ಡ್ ರೂಮಿಗೆ ಹೋಗುತ್ತೇನೆ ಸಿಸ್ಟರ್. ಮೊದಲಿನ ಜಿಸಿಎಸ್ ಹಾಕಿ, ಗ್ರಾಫ್ ಮಾಡಿ ಇಲ್ಲೇ ಹಾಕುತ್ತೇನೆ.