ಅಪ್‌ಡೇಟ್: ಮಾವಿನ ವಾಟೆ ನುಂಗಿದ್ದ ನಮ್ಮ ರಾಜ ಹುಷಾರಾದ

ನಮ್ಮ ಲ್ಯಾಬ್ರಡಾರ್ ನಾಯಿ ರಾಜ ಮಾವಿನ ವಾಟೆಯನ್ನು ಇಡಿಯಾಗಿ ನುಂಗಿದ್ದಾನೆ, ವಾಂತಿ ನಿಲ್ಲುತ್ತಿಲ್ಲ ಅಂತ ಕೇಳಿದ್ದೆನಲ್ಲ, ಈಗ ಹುಷಾರಾಗಿದ್ದಾನೆ. ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂತ ವಾಪಸ್ ಬರಬೇಡಿ, ಸ್ಕ್ಯಾನಿಂಗ್ ಮಾಡಿಸಿ" ಅಂದವರ ಮಾತು. ಮೂಳೆ, ಲೋಹದಷ್ಟು ಸ್ಪಷ್ಟವಾಗಿ ವಾಟೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಸಣ್ಣ ಕರುಳಲ್ಲಿ ಸಿಕ್ಕಿಕೊಂಡಿತ್ತು. ಹೊಟ್ಟೆಯಲ್ಲೇ ಇದ್ದಿದ್ದರೆ ಎಂಡೋಸ್ಕೋಪಿಗೆ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ತೆಗೆಯುವುದಕ್ಕೆ) ಪ್ರಯತ್ನಿಸಬಹುದಿತ್ತು ಅಂದರು ಡಾಕ್ಟರು. ಕರುಳಿಗೆ ಇಳಿದಿದ್ದರಿಂದ ಆಪರೇಷನ್ ಮಾಡಲೇಬೇಕಾಯಿತು. ಪುಣ್ಯಕ್ಕೆ ಕರುಳು ಇನ್ನೂ ಚೆನ್ನಾಗಿತ್ತು. ಕೊಯ್ದು ವಾಟೆ ತೆಗೆದು ಹೊಲಿದರು.

ಬಾಳೆಹಣ್ಣು, ಮೊಸರನ್ನ ಕೊಟ್ಟರೆ ಜಾರಿ ಹೋಗುತ್ತದೆ ಅನ್ನುವುದು ನಡೆಯಲಿಲ್ಲ, ಎಲ್ಲ ವಾಂತಿಯಾಯಿತು. ವಾಂತಿಯಲ್ಲಿ ವಾಟೆ ಹೊರಬರಲಿ ಅಂತ ಉಪ್ಪುನೀರು ಕುಡಿಸಿ ಅಂದವರೂ ಇದ್ದರು. ದಯವಿಟ್ಟು ಯಾರೂ ಮಾಡಬೇಡಿ! ರಕ್ತದಲ್ಲಿ ಸೋಡಿಯಂ ಜಾಸ್ತಿಯಾಗಿ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು.

ನನಗೆ ಗೊತ್ತೇ ಇರದ ಸಂಗತಿ ಒಂದಿದೆ. ವಾಟೆ ಕರಗುವುದಿಲ್ಲ ಅಲ್ವಾ, ಹೊಟ್ಟೆಯಲ್ಲಿ ಎಷ್ಟೋ ದಿನ ಸುಮ್ನೆ ಕೂತಿದ್ದು ಆಮೇಲೆ ಕರುಳಿಗೆ ಇಳಿದು ಅಡ್ಡ ಸಿಗಬಹುದಂತೆ. ಹಾಗಾಗಿ ನಾಯಿ ಆಟವಾಡಿಕೊಂಡಿದ್ದರೂ ನುಂಗಿದ ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೇಗ ಹೋದರೆ ಅವರೇ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದೋ ಅಂತ ನೋಡುತ್ತಾರೆ.