ಎಲ್ಲಾ ಮುಚ್ಚಿದರೂ ಬೆಕ್ಕು ಹೊರಗೆ! ಎಲ್ಲಿಂದ ಹೋಗುತ್ತಿದೆ?

ಬೂದಿಬಾಲ_ಮೈಸೂರು:
ನಮ್ಮ ಬೆಕ್ಕು ರಾತ್ರಿ ಮನೆಯಿಂದ ತಪ್ಪಿಸಿಕೊಳ್ಳುತ್ತಿದೆ. ಮಲಗುವ ಮುಂಚೆ ನಾನೇ ಬಾಗಿಲು, ಕಿಟಕಿ ಎಲ್ಲಾ ಮುಚ್ಚುತ್ತೇನೆ. ಬೆಳಗಿನ ಜಾವ ನೋಡಿದರೆ ಮೆಟ್ಟಿಲ ಮೇಲೆ ಕೂತು ಬಾಗಿಲು ತೆಗಿ ಅಂತ ಕೂಗುತ್ತಿರುತ್ತದೆ. ಕೆಳಗೆ ಬೀದಿನಾಯಿಗಳ ದಂಡೇ ಇದೆ. ಬಾಲ್ಕನಿಗೆ ಬಲೆ ಕಟ್ಟಿಸಿ ದುಡ್ಡು ಸುರಿದಾಯ್ತು, ಉಪಯೋಗ ಸೊನ್ನೆ. ಯಾರಾದರೂ ಪರಿಹಾರ ಹೇಳಿ. "ಬೆಕ್ಕು ಅಂದ್ರೆ ಹಾಗೇ" ಅನ್ನುವವರು ದೂರ ಇರಿ.

ಗುಂಡಪ್ಪನ_ಮನೆ:
ಗಂಡಾ ಹೆಣ್ಣಾ? ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ?

ಬೂದಿಬಾಲ_ಮೈಸೂರು:
ಗಂಡು. ನಾನು ಕೇಳಿದ್ದು ಎಲ್ಲಿಂದ ಹೋಗುತ್ತದೆ ಅಂತ. ಯಾಕೆ ಹೋಗುತ್ತದೆ ಅಂತ ಅಲ್ಲ.

ಗುಂಡಪ್ಪನ_ಮನೆ:
ಎರಡೂ ಒಂದೇ ಸರ್. ಆಪರೇಷನ್ ಆಗದ ಗಂಡು ಬೆಕ್ಕಿಗೆ ಪಕ್ಕದ ಬೀದಿಯ ಹೆಣ್ಣು ಬೆಕ್ಕಿನ ಕೂಗು ಕೇಳಿದರೆ ಸಾಕು, ಗೋಡೆ ಒಡೆದಾದರೂ ಹೋಗುತ್ತದೆ. ಐದಾರು ತಿಂಗಳಿಗೇ ಮಾಡಿಸಬಹುದು. ನಮ್ಮ ಗುಂಡಪ್ಪನಿಗೆ ಮಾಡಿಸಿದ ಮೇಲೆ ಸೋಫಾ ಬಿಟ್ಟು ಇಳಿಯುವುದಿಲ್ಲ.

ಬೂದಿಬಾಲ_ಮೈಸೂರು:
ಸರ್ ಅಲ್ಲ, ಮೇಡಂ. ಆಪರೇಷನ್ ಹೋದ ತಿಂಗಳೇ ಆಗಿದೆ.

ಗುಂಡಪ್ಪನ_ಮನೆ:
ಹೋದ ತಿಂಗಳಾ! ಅದನ್ನು ಮೊದಲೇ ಹೇಳಬೇಕಲ್ವಾ ಮೇಡಂ. ಹಾರ್ಮೋನ್ ಪೂರ್ತಿ ಇಳಿಯೋಕೆ ಕೆಲವು ವಾರ ಬೇಕು. ಹಳೇ ಚಾಳಿ ಬಿಡೋಕೆ ಇನ್ನೂ ಸ್ವಲ್ಪ. ಕಾಯಿರಿ, ತಾನೇ ಸರಿ ಹೋಗುತ್ತದೆ.

ಕುಕ್ಕರಹಳ್ಳಿ_ಹುಡುಗಿ:
ಎಲ್ಲಿವರೆಗೆ ಕಾಯೋದು, ನಾಯಿ ಬಾಯಿಗೆ ಹೋಗೋವರೆಗಾ?

ಮೆಶ್_ಮಂಜ:
ಬಾಲ್ಕನಿಗೆ ಕಟ್ಟಿಸಿದ್ದು ಪಾರಿವಾಳದ ಬಲೆನಾ? ಅದು ಪಾರಿವಾಳಕ್ಕೆ ಮಾತ್ರ. ನೈಲಾನ್ ದಾರವನ್ನು ಬೆಕ್ಕು ಕೂತು ಕಡಿಯುತ್ತದೆ, ಬಿಸಿಲಿಗೆ ಅದು ಪೆಡಸೂ ಆಗುತ್ತದೆ. ನಮ್ಮನೇಲಿ 304 ಗ್ರೇಡ್ (ಸುಲಭಕ್ಕೆ ತುಕ್ಕು ಹಿಡಿಯದ) ಸ್ಟೀಲ್ ವೆಲ್ಡ್ ಮೆಶ್. ಸುತ್ತ ಎಲ್ ಆಂಗಲ್ ಫ್ರೇಮು. ಒಳಗೆ ಪ್ಲೈವುಡ್ ಹಲಗೆ ಮೆಟ್ಟಿಲು ಮೆಟ್ಟಿಲಾಗಿ, ಕಂಬಕ್ಕೆ ನಾರಿನ ಹಗ್ಗ. ಮೂರು ಬೆಕ್ಕು ರಾಜರ ಹಾಗೆ ಬಿಸಿಲು ಕಾಯಿಸುತ್ತವೆ. ಫೋಟೋ ಹಾಕಲಾ?

ಬೂದಿಬಾಲ_ಮೈಸೂರು:
ಬಾಡಿಗೆ ಮನೆ. ಓನರ್ ಒಂದು ಮೊಳೆ ಹೊಡೆಯೋಕೂ ಬಿಡುವುದಿಲ್ಲ. ಬಲೆ ಎಲ್ಲೂ ಹರಿದಿಲ್ಲ, ನೋಡಿದ್ದೇನೆ.

ತೋಟದಮನೆ_ಶಿರಸಿ:
ಬೆಕ್ಕನ್ನು ಕೂಡಿಹಾಕುವುದೇ ತಪ್ಪು. ನಮ್ಮಲ್ಲಿ ಅಡಿಕೆ ತೋಟ ಸುತ್ತಿ, ಇಲಿ ಹಿಡಿದು, ಹಾಲಿನ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತದೆ.

ಕುಕ್ಕರಹಳ್ಳಿ_ಹುಡುಗಿ:
ಅಂಕಲ್, ಇದು ತೋಟ ಅಲ್ಲ, ವಾಹನ ಓಡಾಡುವ ರಸ್ತೆ. ಇನ್ನೊಂದು, ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಜೀರ್ಣ ಆಗುವುದಿಲ್ಲ.

ತೋಟದಮನೆ_ಶಿರಸಿ:
ನಮ್ಮಜ್ಜಿ ಕಾಲದಿಂದ ಹಾಲು ಹಾಕುತ್ತಿದ್ದೇವೆ ತಂಗಿ. ಬೆಕ್ಕುಗಳೇನೂ ದೂರು ಕೊಟ್ಟಿಲ್ಲ.

ಸೈಲೆಂಟ್_ಸುಬ್ಬ:
ಕಿಟಕಿ ಹತ್ತಿರ ನುಸಿಗುಳಿಗೆ ಇಡಿ. ವಾಸನೆಗೆ ಆ ಕಡೆ ಹೋಗುವುದಿಲ್ಲ.

ಕುಕ್ಕರಹಳ್ಳಿ_ಹುಡುಗಿ:
ದಯವಿಟ್ಟು ಬೇಡ! ನುಸಿಗುಳಿಗೆ ಬೆಕ್ಕಿಗೆ ವಿಷ. ಖಾರದಪುಡಿ ಸಲಹೆ ಕೊಡೋಕೆ ಬರುವವರಿಗೂ ಇದೇ ಉತ್ತರ.

ಸೈಲೆಂಟ್_ಸುಬ್ಬ:
ಸರಿ ಬಿಡಿ. ಹಾಗಾದರೆ ಮೈಕ್ರೋಚಿಪ್ ಹಾಕಿಸಿ. ಎಲ್ಲಿದೆ ಅಂತ ಮೊಬೈಲಲ್ಲಿ ಕಾಣುತ್ತೆ.

ಮೆಶ್_ಮಂಜ:
ಕಾಣಲ್ಲ ಗುರು. ಚಿಪ್‌ನಲ್ಲಿ ಇರೋದು 15 ಅಂಕಿಯ ಒಂದು ನಂಬರ್ ಅಷ್ಟೆ. ಅದರಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಸಿಕ್ಕ ಬೆಕ್ಕಿನ ಮೇಲೆ ರೀಡರ್ ಹಿಡಿದರೆ ಮಾತ್ರ ಓದುತ್ತದೆ.

ಗುಂಡಪ್ಪನ_ಮನೆ:
ನಾನು ಈಗಲೂ ಹೇಳುತ್ತೇನೆ, ಇದು ಹಾರ್ಮೋನ್.

ಫ್ಯಾಬ್ರಿಕೇಟರ್_ಹಾಸನ:
ಮೇಡಂ, ಎರಡು ಪ್ರಶ್ನೆ. ಒಳಬಾಗಿಲಿನ ಹಿಡಿ ಗುಂಡಗಿದೆಯಾ, ಕೆಳಕ್ಕೆ ಒತ್ತುವ ಥರದ್ದಾ? ಒತ್ತುವ ಹಿಡಿಗೆ ಬೆಕ್ಕು ಹಾರಿ ಜೋತುಬಿದ್ದು ತೆಗೆಯುವುದನ್ನು ನಾನೇ ನೋಡಿದ್ದೇನೆ. ಎರಡನೇದು, ಕಿಟಕಿ "ಮುಚ್ಚುತ್ತೇನೆ" ಅಂದರೆ ಗಾಜು ಮುಚ್ಚುತ್ತೀರಾ, ಸೊಳ್ಳೆ ಮೆಶ್ಶಾ?

ಬೂದಿಬಾಲ_ಮೈಸೂರು:
ಬಾಗಿಲಿಗೆಲ್ಲಾ ಚಿಲಕ ಹಾಕುತ್ತೇನೆ. ಕಿಟಕಿ ಮೆಶ್ ಮುಚ್ಚುತ್ತೇನೆ. ಈ ಸೆಕೆಗೆ ಗಾಜು ಮುಚ್ಚಿಕೊಂಡು ಯಾರು ಮಲಗುತ್ತಾರೆ? ಅಲ್ಯೂಮಿನಿಯಂ ಜಾರುಕಿಟಕಿ, ಹೊರಗೆ ಸರಳು ಇದೆ. ಅಡುಗೆಮನೆಯದ್ದು ಬೆಳಿಗ್ಗೆ ಸ್ವಲ್ಪ ಸರಿದಿರುತ್ತದೆ. ಅದು ನಮ್ಮ ಅತ್ತೆ, ಸಜ್ಜೆ ಮೇಲಿನ ಕುಂಡದಿಂದ ದಾಸವಾಳ ಕೀಳೋಕೆ ಸರಿಸುತ್ತಾರೆ.

ಫ್ಯಾಬ್ರಿಕೇಟರ್_ಹಾಸನ:
ಕಿಟಕಿ ಆಚೆ ಸಜ್ಜೆ ಇದೆ ಅಂತ ಈಗ ಹೇಳುತ್ತೀರಾ! ಇವತ್ತು ಒಂದು ಕೆಲಸ ಮಾಡಿ. ಮೆಶ್ ಮುಚ್ಚಿ, ಅದರ ಅಂಚು ಮತ್ತು ಚೌಕಟ್ಟು ಎರಡಕ್ಕೂ ಸೇರಿಸಿ ಸೆಲ್ಲೋಟೇಪ್ ಒಂದು ತುಂಡು ಅಂಟಿಸಿ. ಅತ್ತೆಗೆ ಮುಟ್ಟಬೇಡಿ ಅಂತ ಹೇಳಿ. ಆಮೇಲೆ ಮೆಶ್ ಅಂಚಿನಲ್ಲಿ ಉಣ್ಣೆಯ ಬ್ರಷ್ ಥರ ಒಂದು ಪಟ್ಟಿ ಇರುತ್ತದಲ್ಲ, ಅಲ್ಲಿ ಟಾರ್ಚ್ ಹಾಕಿ ನೋಡಿ.

ತೋಟದಮನೆ_ಶಿರಸಿ:
ಸರಳಿನ ಸಂದಿಯಲ್ಲಿ ಅಷ್ಟು ದೊಡ್ಡ ಬೆಕ್ಕು ನುಗ್ಗುತ್ತದಾ?

ಫ್ಯಾಬ್ರಿಕೇಟರ್_ಹಾಸನ:
ತಲೆ ನುಗ್ಗಿದರೆ ಸಾಮಾನ್ಯವಾಗಿ ಮೈಯೂ ನುಗ್ಗುತ್ತದೆ ಅಂಕಲ್. ಬೆಕ್ಕಿನ ಕಾಲರ್ ಬೋನ್ (ಕತ್ತಿನ ಕೆಳಗೆ, ಹೆಗಲ ಮುಂದಿನ ಮೂಳೆ) ನಮ್ಮ ಹಾಗೆ ಬೇರೆ ಮೂಳೆಗೆ ಗಟ್ಟಿಯಾಗಿ ಕೂಡಿಕೊಂಡಿರುವುದಿಲ್ಲ. ಹೊಟ್ಟೆ ಬಂದಿರುವ ಗುಂಡಪ್ಪನ ಮಾತು ಬೇರೆ.

ಗುಂಡಪ್ಪನ_ಮನೆ:
ನಮ್ಮ ಗುಂಡಪ್ಪನ ಸುದ್ದಿಗೆ ಬರಬೇಡಿ.

ಬೂದಿಬಾಲ_ಮೈಸೂರು:
ಟೇಪ್ ಕಿತ್ತಿದೆ!! ಅತ್ತೆ ಇನ್ನೂ ಎದ್ದೇ ಇರಲಿಲ್ಲ. ಬ್ರಷ್ ಪಟ್ಟಿಯಲ್ಲಿ ಬೂದು ಕೂದಲು ಗುಂಜು ಗುಂಜಾಗಿ ಸಿಕ್ಕಿಕೊಂಡಿದೆ. ಕೆಳಗಿನ ಮೂಲೆಯಲ್ಲಿ ಮೆಶ್ ಉಗುರು ತಾಗಿ ಸಡಿಲ ಆಗಿದೆ. ಈಗ ಏನು ಮಾಡಲಿ? ಮೊಳೆ, ಸ್ಕ್ರೂ ಆಗಲ್ಲ.

ಫ್ಯಾಬ್ರಿಕೇಟರ್_ಹಾಸನ:
ಬೇಕಾಗಿಲ್ಲ. ಮೆಶ್ ಓಡುವ ಹಳಿಯಲ್ಲಿ ಅರ್ಧ ಭಾಗ ಖಾಲಿ ಇರುತ್ತದೆ. ಅದನ್ನು ಅಳೆದು ಅಷ್ಟೇ ಉದ್ದದ ವೈರಿಂಗ್ ಕೇಸಿಂಗ್ ಪಟ್ಟಿ (ಗೋಡೆ ಮೇಲಿನ ಕರೆಂಟ್ ವೈರ್ ಮುಚ್ಚುವ ಪ್ಲಾಸ್ಟಿಕ್ ಪಟ್ಟಿ) ಕತ್ತರಿಸಿ ಹಳಿ ಮೇಲೆ ಕೂರಿಸಿ. ಮರದ ರೀಪೂ ಆಗುತ್ತದೆ. ಅಲುಗಾಡುವಷ್ಟು ಸಂದಿ ಬಿಡಬೇಡಿ. ಹಳಿಯಲ್ಲಿ ಮಳೆನೀರು ಹೋಗುವ ತೂತು ಮಾತ್ರ ಮುಚ್ಚಬಾರದು. ಸಡಿಲ ಆದ ಮೆಶ್ ಸೊಳ್ಳೆಗೆ ಅಂತ ಹಾಕಿದ ತೆಳು ಫೈಬರ್, ಉಗುರಿಗೆ ತಡೆಯಲ್ಲ. ಅದೇ ಚೌಕಟ್ಟಿಗೆ ಸ್ಟೀಲ್ ಮೆಶ್ ಹಾಕಿಸಿ. ಮೆಶ್ ಇರುವ ಜಾರುಬಾಗಿಲು ಬಿಚ್ಚಿ ಅಂಗಡಿಗೆ ಒಯ್ದರೆ ಸಾಕು, ಓನರ್‌ಗೆ ಗೊತ್ತೂ ಆಗಲ್ಲ.

ಮೆಶ್_ಮಂಜ:
304 ಅಂತ ನಾನು ಮೊದಲೇ ಹೇಳಿದ್ದೆ.

ಬೂದಿಬಾಲ_ಮೈಸೂರು:
ಕೇಸಿಂಗ್ ಹಾಕಿದೆ, ಕಿಟಕಿ ಅಲ್ಲಾಡುತ್ತಿಲ್ಲ. ಥ್ಯಾಂಕ್ಸ್ ಸರ್. ಆದರೆ ಈಗ ಬೆಳಿಗ್ಗೆ ಹಾಲಿನವರು ಬಂದಾಗ ಕಾಲಸಂದಿಯಲ್ಲಿ ನುಗ್ಗಿ ಓಡುತ್ತಿದೆ.

ಗುಂಡಪ್ಪನ_ಮನೆ:
ಹಾರ್ಮೋನ್.

ಕುಕ್ಕರಹಳ್ಳಿ_ಹುಡುಗಿ:
ಮೇಡಂ, ಬೆಕ್ಕುಗಳು ಜಾಸ್ತಿ ಚುರುಕಾಗಿರೋದೇ ಬೆಳಗಿನ ಜಾವ ಮತ್ತು ಮುಸ್ಸಂಜೆ. ಹಾಲಿನವರು ಬರೋ ಮುಂಚೆ ದಾರಕ್ಕೆ ಏನಾದರೂ ಕಟ್ಟಿ ಚೆನ್ನಾಗಿ ಓಡಿಸಿ ಆಡಿಸಿ. ಬೆಲ್ ಆದ ತಕ್ಷಣ ಹಿಂದಿನ ರೂಮಲ್ಲಿ ತಟ್ಟೆಗೆ ಊಟ ಹಾಕಿ. ಆಮೇಲೆ ಬಾಗಿಲು ತೆಗೆಯಿರಿ. ಬಾಗಿಲ ಹತ್ತಿರ ಮುದ್ದು ಮಾಡಬೇಡಿ, ಊಟವನ್ನೂ ಕೊಡಬೇಡಿ. ಅಲ್ಲಿ ಏನೂ ಸಿಗಲ್ಲ ಅಂತ ಅದಕ್ಕೆ ಗೊತ್ತಾಗಬೇಕು.

ಬೂದಿಬಾಲ_ಮೈಸೂರು:
ಅತ್ತೆ ಬಾಗಿಲಲ್ಲೇ ಬಿಸ್ಕತ್ತು ಕೊಡುತ್ತಾರೆ. ಅವರಿಗೆ ಯಾರು ಹೇಳುತ್ತೀರಿ?

ಸೈಲೆಂಟ್_ಸುಬ್ಬ:
ಮಂಜಣ್ಣ, ಆ ಹಲಗೆ ಮೆಟ್ಟಿಲಿಗೆ ಯಾವ ಬ್ರಾಕೆಟ್ ಹಾಕಿದ್ರಿ? ನಮ್ಮದು ಐದೂವರೆ ಕೆಜಿ ಬೆಕ್ಕು.

ಮೆಶ್_ಮಂಜ:
ಬಾ ತಮ್ಮ, ಇದಕ್ಕೇ ಕಾಯುತ್ತಿದ್ದೆ. ಹೊಸ ಥ್ರೆಡ್ ಶುರು ಮಾಡು. ಅಳತೆ, ಫೋಟೋ ಎಲ್ಲಾ ಅಲ್ಲೇ ಹಾಕುತ್ತೇನೆ.